ಮಾಳಿಗೆಯ ಕೀಲಿಕೈ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಗಿರುವ ನಮ್ಮ ಕಟ್ಟಡದ ಮಾಳಿಗೆಗೆ ಕೀಲಿ ಬಿದ್ದದ್ದು ಒಂದು ಏಪ್ರಿಲ್‌ನಲ್ಲಿ. ಶ್ಯಾವಿಗೆ, ಹಪ್ಪಳ ಒಣಗಿಸುವ ದಿನಗಳು. ಮೂರನೇ ಮಹಡಿಯ ಕಾಕು ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದವರು ಹಾಗೆಯೇ ಇಳಿದು ಬಂದರು. ಬಿಲ್ಡರ್ ಮಾಳಿಗೆಯನ್ನು ತಮಗೇ ಬಿಟ್ಟುಕೊಟ್ಟಿದ್ದಾರೆ ಎಂದು ನಾಲ್ಕನೇ ಮಹಡಿಯ ಒಂದು ಮನೆಯವರು ಹೇಳುತ್ತಿದ್ದರು. ಕಾಗದ ಇರಲಿಲ್ಲ, ಬಾಯಿಮಾತು.

ಎಂಟು ದಿನ ಕಳೆದಿರಲಿಲ್ಲ, ಒಂದು ನಸುಕಿನಲ್ಲಿ ಮೇಲಿನ ಟ್ಯಾಂಕಿನ ಪೈಪಿನ ಜೋಡಣೆ ಬಿಚ್ಚಿಕೊಂಡಿತು. ವಾಲ್ವ್ ತಿರುಗಿಸಿದರೆ ನೀರು ನಿಲ್ಲುತ್ತಿತ್ತು. ಆದರೆ ವಾಲ್ವ್ ಕೀಲಿಯ ಆಚೆಗಿತ್ತು, ಕೀಲಿ ಹಾಕಿದವರು ಊರಲ್ಲಿರಲಿಲ್ಲ. ಹಲವು ದಿನಗಳಿಗೊಮ್ಮೆ ನಲ್ಲಿಗೆ ನೀರು ಬರುವ ಊರಿನಲ್ಲಿ, ಕಾದು ಹಿಡಿದಿಟ್ಟ ಮಲಪ್ರಭೆಯ ನೀರು ಗೋಡೆಗುಂಟ ಇಳಿಯುವುದನ್ನು ನಿಂತು ನೋಡಿದೆವು. ಒಬ್ಬ ಹುಡುಗ ಕೊನೆಗೆ ಕೀಲಿಯನ್ನು ಕಲ್ಲಿನಿಂದ ಒಡೆದ. ಅಂದೇ ಸಂಜೆ ನಮ್ಮ ಮನೆಯಲ್ಲಿ ಹನ್ನೊಂದು ಜನ ಸೇರಿದರು. ಲೆಕ್ಕ ಬರೆಯುವುದು ನನ್ನ ಉದ್ಯೋಗ. ಹಾಗಾಗಿ ಕಾಗದಪತ್ರ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಮೊದಲು ತೆರೆದದ್ದು ನಮ್ಮದೇ ಖರೀದಿಪತ್ರ. ಮನೆ ಕೊಂಡಾಗ ಎಲ್ಲ ಪುಟಗಳಿಗೂ ಸಹಿ ಮಾಡಿದ್ದೆ, ಕೊನೆಯ ಪರಿಶಿಷ್ಟವನ್ನು ಮಾತ್ರ ಓದಿರಲಿಲ್ಲ. ಅಲ್ಲಿ ಜಮೀನಿನಲ್ಲಿ ನಮ್ಮ ಅವಿಭಕ್ತ ಹಕ್ಕು, ಎಂದರೆ ಒಡೆದು ಬೇರೆ ಮಾಡದ ಪಾಲು, ಎಷ್ಟೆಂದು ಚದರಡಿಯಲ್ಲಿ ಬರೆದಿತ್ತು. ಅದರ ಕೆಳಗೆ ಮೆಟ್ಟಿಲು, ಲಿಫ್ಟ್, ಸಂಪ್, ಬೋರ್‌ವೆಲ್, ಮಾಳಿಗೆ ಎಲ್ಲವೂ ಎಲ್ಲರದು ಎಂದಿತ್ತು. ನಾಲ್ಕನೇ ಮಹಡಿಯವರ ಪತ್ರದಲ್ಲೂ ಅದೇ ಸಾಲುಗಳಿದ್ದವು.

ಬೆಟಗೇರಿಯ ನನ್ನ ತವರಿನಲ್ಲಿ ಅಪ್ಪ, ಕಾಕಂದಿರು ವಾಟ್ನಿ, ಎಂದರೆ ಆಸ್ತಿಯ ಪಾಲು, ಮಾಡಿಕೊಂಡಾಗ ಕೋಣೆಗಳನ್ನು ಹಂಚಿಕೊಂಡು ಬಾವಿ ಮತ್ತು ಅಂಗಳವನ್ನು ಸಾಮಾಯಿಕ, ಎಲ್ಲರಿಗೂ ಸೇರಿದ್ದು, ಎಂದು ಬಿಟ್ಟಿದ್ದರು. ಬಾವಿಯ ಹಗ್ಗ ಹಳತಾದರೆ ಯಾವ ವರ್ಷ ಯಾರು ತರಬೇಕೆಂಬುದನ್ನೂ ವಾಟ್ನಿ ಪತ್ರದಲ್ಲಿ ಬರೆಸಿದ್ದರು. ಹುಬ್ಬಳ್ಳಿಯ ಇಪ್ಪತ್ನಾಲ್ಕು ಮನೆಗಳ ನಾವು ಹಗ್ಗದ ಆ ಒಂದು ಸಾಲನ್ನು ಬರೆದುಕೊಂಡಿರಲಿಲ್ಲ.

ಅದನ್ನು ಬರೆದುಕೊಳ್ಳಲು ಮಾಲೀಕರ ಸಂಘವೊಂದು ಬೇಕಿತ್ತು. ಸಂಘವನ್ನು ನೋಂದಾಯಿಸಲು ಎರಡು ದಾರಿಗಳು ಕಂಡವು. 1960ರ ಸಂಘಗಳ ನೋಂದಣಿ ಕಾಯ್ದೆಯದು ಸುಲಭ, ಕೆಲವರು ಸೇರಿದರೂ ಸಾಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯದು ಕಷ್ಟ. ಅದರಲ್ಲಿ ಮಾಲೀಕರೆಲ್ಲರೂ ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರಕ್ಕೆ ಒಪ್ಪಿ, ಅದನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ನಾವು ಕಷ್ಟದ್ದನ್ನೇ ಆರಿಸಿಕೊಂಡೆವು. ಸಾಮಾನ್ಯ ಜಾಗಗಳು ಅವಿಭಕ್ತವಾಗಿಯೇ ಉಳಿಯಬೇಕು, ಅವುಗಳ ವಿಭಜನೆಯನ್ನು ಯಾರೂ ಕೇಳುವಂತಿಲ್ಲ ಎಂದು ಆ ಕಾಯ್ದೆ ನೇರವಾಗಿ ಹೇಳುತ್ತದೆ. ನಮ್ಮ ಜಗಳ ಇದ್ದದ್ದೇ ಅದರ ಮೇಲೆ.

ಇಪ್ಪತ್ನಾಲ್ಕು ಮನೆಗಳ ಸಹಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಐದು ಮನೆಗಳವರು ಬೆಂಗಳೂರು, ಪುಣೆಯಲ್ಲಿದ್ದರು. ದುಬೈಯಲ್ಲಿದ್ದ ಒಬ್ಬರು ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ, ತಮ್ಮ ಪರವಾಗಿ ಸಹಿ ಮಾಡಲು ಮುಖತ್ಯಾರ ಪತ್ರ ಕಳಿಸಿದರು. ಅಂತಹ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ನಮಗೆ ಅದು ನೆನಪಾದಾಗ ಉಳಿದಿದ್ದದ್ದು ಹನ್ನೊಂದು ದಿನ. ತೀರಿಹೋಗಿದ್ದ ಇನ್ನೊಬ್ಬ ಮಾಲೀಕರ ಮೂವರು ಮಕ್ಕಳು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ನಾನು ಮೂರು ಮನೆಗಳಿಗೂ ಬೇರೆಬೇರೆಯಾಗಿ ಹೋಗಿ ಕುಳಿತೆ. ಹಿರಿಯ ಮಗಳು ಸಹಿ ಮಾಡುವಾಗ, "ವೈನಿ, ಇದರಿಂದ ತಮ್ಮನ ಪಾಲು ಹೆಚ್ಚಾಗುವುದಿಲ್ಲವಲ್ಲ?" ಎಂದು ಎರಡು ಸಲ ಕೇಳಿದರು. ಆ ಸಂದೇಹದ ಬಗ್ಗೆ ನನಗೆ ಬೇಸರವಾಗಲಿಲ್ಲ. ಓದದೆ ಸಹಿ ಮಾಡಿದವಳು ನಾನು, ಅವರು ಕೇಳಿ ಮಾಡಿದರು. ನಾಲ್ಕನೇ ಮಹಡಿಯವರು ಎಲ್ಲರಿಗಿಂತ ಕೊನೆಗೆ ಸಹಿ ಹಾಕಿದರು. ಅವರ ಮನೆಯ ಸೂರು ಸೋರುತ್ತಿತ್ತು. ಮಾಳಿಗೆ ಅವರೊಬ್ಬರದಾದರೆ ದುರಸ್ತಿಯ ಖರ್ಚೂ ಅವರೊಬ್ಬರದೇ ಎಂಬುದನ್ನು ಅವರ ಮಗನೇ ಅವರಿಗೆ ತಿಳಿಸಿ ಹೇಳಿದ.

ಆಮೇಲೆ ಹಣದ ಮಾತು. ತಿಂಗಳ ಖರ್ಚು 48,000 ರೂಪಾಯಿ. ಮನೆಗೆ ಸಮನಾಗಿ ಹಂಚಿದರೆ ತಲಾ 2,000. ಆದರೆ ನಮ್ಮಲ್ಲಿ 950 ಚದರಡಿಯ ಹದಿನಾರು ಮನೆಗಳು, 1,300 ಚದರಡಿಯ ಎಂಟು ಮನೆಗಳು ಇವೆ. ಸಾಮಾನ್ಯ ಖರ್ಚನ್ನು ಅವಿಭಕ್ತ ಹಕ್ಕಿನ ಪ್ರಮಾಣದಲ್ಲಿಯೇ ಹಂಚಬೇಕೆನ್ನುತ್ತದೆ ಕಾಯ್ದೆ. ಆ ಲೆಕ್ಕದಲ್ಲಿ ಚಿಕ್ಕ ಮನೆಗೆ 1,781, ದೊಡ್ಡದಕ್ಕೆ 2,438 ಬಂತು. ದೊಡ್ಡ ಮನೆಯವರು ಎರಡು ಸಭೆಗಳಲ್ಲಿ ವಿರೋಧಿಸಿದರು, ಮೂರನೆಯದರಲ್ಲಿ ಒಪ್ಪಿದರು.

ಮೊದಲ ಮಹಡಿಯ ಕಾಕಾ ಮಾತ್ರ ಒಪ್ಪಲಿಲ್ಲ. "ನಾನು ಲಿಫ್ಟ್ ಮುಟ್ಟುವುದಿಲ್ಲ, ಅದರ ಹಣ ಯಾಕೆ ಕೊಡಬೇಕು?" ಎಂದರು. ಬಳಸುವುದಿಲ್ಲ ಎಂಬ ಕಾರಣಕ್ಕೆ ಯಾವ ಮಾಲೀಕರೂ ಸಾಮಾನ್ಯ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬ ಕಾಯ್ದೆಯ ಮಾತನ್ನು ತುಂಬಿದ ಸಭೆಯಲ್ಲಿ ಓದಿ ಹೇಳಿದೆ. ಹಾಗೆ ಮಾಡಬಾರದಿತ್ತು. ಎಪ್ಪತ್ತು ದಾಟಿದ ಮನುಷ್ಯ ಒಂದು ಮಾತೂ ಆಡದೆ ಎದ್ದುಹೋದರು. ಮರುದಿನ ಲಿಫ್ಟಿನ ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿಕೊಂಡು ಅವರ ಮನೆಗೆ ಹೋಗಿ, "ಕಾಕಾ, ಕಾಯ್ದೆ ಬೇಡ, ಲೆಕ್ಕ ನೋಡಿರಿ" ಎಂದು ಕೊಟ್ಟು ಬಂದೆ. ನಾಲ್ಕು ದಿನಕ್ಕೆ ಫೈಲು ಮರಳಿ ಬಂತು. ಒಂದು ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗೀಟು. ಲಿಫ್ಟಿನ ವಾರ್ಷಿಕ ನಿರ್ವಹಣೆಯ ಒಂದು ಕಂತನ್ನು ನಾವು ಎರಡು ಸಲ ಕಟ್ಟಿದ್ದೆವು. ಆ ಹಣ ವಾಪಸ್ ಬಂತು, ಕಾಕಾ ತಮ್ಮ ಬಾಕಿಯನ್ನು ಪೂರ್ತಿ ಕಟ್ಟಿದರು. ಅಂದಿನಿಂದ ಪ್ರತಿ ತಿಂಗಳ ಲೆಕ್ಕ ಅವರ ಕಣ್ಣು ದಾಟಿದ ಮೇಲೆಯೇ ನೋಟಿಸ್ ಹಲಗೆಗೆ ಹೋಗುತ್ತದೆ.

ಹಲಗೆಯ ಮೇಲೆ ಒಂದೇ ಹಾಳೆ ಇರುತ್ತದೆ: ಬಂದದ್ದು, ಹೋದದ್ದು, ಉಳಿದದ್ದು, ಟ್ಯಾಂಕರ್ ನೀರು ಎಷ್ಟು ಸಲ ತರಿಸಿದೆವು ಎಂಬ ಲೆಕ್ಕ. ಬಾಕಿದಾರರ ಹೆಸರು ಹಾಕಬೇಕೆಂದು ಕೆಲವರು ಒತ್ತಾಯಿಸಿದರು, ನಾನು ಬಿಡಲಿಲ್ಲ. ಬಾಕಿ ಕೇಳಲು ನಾನೇ ಮನೆಗೆ ಹೋಗುತ್ತೇನೆ. ಒಬ್ಬರಿಗೆ ಕೆಲಸ ಹೋಗಿತ್ತು, ಆರು ತಿಂಗಳ ಕಂತು ಮಾಡಿಕೊಟ್ಟೆವು. ಅವರ ಹೆಸರು ಹಲಗೆಗೆ ಏರಿದ್ದರೆ ಅವರ ಮಕ್ಕಳು ಆ ಮೆಟ್ಟಿಲನ್ನು ದಿನಾ ಹೇಗೆ ಇಳಿಯಬೇಕಿತ್ತು? ಮನೆ ಮಾರಲು ಹೊರಟವರ ವಿಷಯ ಬೇರೆ. ಹಳೆಯ ಬಾಕಿಗೆ ಕೊಳ್ಳುವವರೂ ಹೊಣೆಯಾಗುತ್ತಾರೆ, ಆದ್ದರಿಂದ ಸಂಘದ ಬೇಬಾಕಿ ಪತ್ರ ಕೇಳದೆ ಯಾರೂ ಮನೆ ಕೊಳ್ಳಬಾರದು.

ಮಾಳಿಗೆಯ ಕೀಲಿಕೈ ಈಗ ಕೆಳಗಿನ ಮೀಟರ್ ಪೆಟ್ಟಿಗೆಯ ಪಕ್ಕದ ಮೊಳೆಗೆ ತೂಗುತ್ತದೆ, ಜೊತೆಗೆ ದಾರ ಕಟ್ಟಿದ ಒಂದು ವಹಿ. ಒಯ್ದವರು ಸಹಿ ಮಾಡುತ್ತಾರೆ. ಮುಂಗಾರಿಗೆ ಮೊದಲು ಮಾಳಿಗೆಯ ಸೋರಿಕೆ ಕಟ್ಟಿಸಬೇಕಾಗಿದೆ. ಮೂರು ಕಡೆಯ ದರಪಟ್ಟಿಗಳನ್ನು ಹಲಗೆಗೆ ಹಾಕಿದ್ದೇನೆ, ಒಂದರ ಅಂಚಿನಲ್ಲಿ ಈಗಾಗಲೇ ಪೆನ್ಸಿಲಿನ ಗೀಟು ಇದೆ. ಭಾನುವಾರ ಹತ್ತು ಗಂಟೆಗೆ ಸಭೆ.