ಬೈರಾಸಿನಲ್ಲಿ ಕಟ್ಟಿದ ಪನೀರು

ಮಂಗಳೂರಿನ ಏಪ್ರಿಲ್ ಸೆಖೆಯಲ್ಲಿ ಹೊರಗೆ ಮರೆತ ಹಾಲು ಮಧ್ಯಾಹ್ನಕ್ಕೆ ಒಡೆದಿರುತ್ತದೆ. ‘ಹೇಗೂ ಒಡೆಯಿತಲ್ಲ, ಪನೀರು ಮಾಡುವ’ ಎನ್ನಬೇಡಿ. ಅದು ಕೆಟ್ಟ ಹಾಲು, ಚೆಲ್ಲಿ. ಪನೀರಿಗೆ ಬೇಕಾದದ್ದು ತಾಜಾ ಹಾಲು, ನಾವೇ ಹುಳಿ ಹಿಂಡಿ ಒಡೆಸಿದ್ದು.

ಮೊದಲು ಹಾಲು ಯಾವುದೆಂದು ನೋಡಿಕೊಳ್ಳಿ. ಕುಲಶೇಖರದ ಡೇರಿಯಿಂದ ಬರುವ ನಂದಿನಿಯ ನೀಲಿ ತೊಟ್ಟೆಯಲ್ಲಿ (ಪ್ಯಾಕೆಟಿನಲ್ಲಿ) ಕೊಬ್ಬು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ಲೀಟರಿಗೆ ಮೊದಲಿನದು ಸುಮಾರು 150 ಗ್ರಾಂ ಪನೀರು ಕೊಟ್ಟರೆ ಎರಡನೆಯದು 200 ಗ್ರಾಂ. ಲಾಭವೆಂದು ಹಿಗ್ಗಬೇಡಿ, ಪ್ರೋಟೀನು ಎರಡರಲ್ಲೂ 30 ಗ್ರಾಂ ಆಸುಪಾಸೇ. ಹೆಚ್ಚಿದ್ದು ಮುಖ್ಯವಾಗಿ ಕೊಬ್ಬು. ದಿನಬಳಕೆಗೆ ನನ್ನ ಓಟು ನೀಲಿ ತೊಟ್ಟೆಗೆ.

ದಪ್ಪ ತಳದ ಪಾತ್ರೆಯಲ್ಲಿ ಹಾಲು ಉಕ್ಕಿ ಬರುವವರೆಗೆ ಕಾಯಿಸಿ. ಬರೇ ಬಿಸಿಯಾದರೆ ಸಾಲದು. ಹಾಲಿನ ಪ್ರೋಟೀನಿನಲ್ಲಿ ಶೇ 80ರಷ್ಟು ಕೇಸೀನ್, ಹುಳಿ ಬಿದ್ದರೆ ಗಡ್ಡೆ ಕಟ್ಟುವಂಥದ್ದು. ಉಳಿದದ್ದು ನೀರಿನ ಜೊತೆ ಹರಿದುಹೋಗುವ ಜಾತಿ. ಚೆನ್ನಾಗಿ ಕುದಿದರೆ ಅದರಲ್ಲೂ ಬಹುಪಾಲು ಕೇಸೀನಿಗೆ ಅಂಟಿಕೊಂಡು ಪನೀರಿಗೇ ಸೇರುತ್ತದೆ.

ಒಲೆ ಆರಿಸಿ ಎರಡು ಮೂರು ನಿಮಿಷ ಬಿಡಿ. ಒಂದು ದೊಡ್ಡ ಲಿಂಬೆಯ ರಸಕ್ಕೆ ಅಷ್ಟೇ ನೀರು ಬೆರೆಸಿ, ಚಮಚ ಚಮಚವಾಗಿ ಹಾಕುತ್ತ ಮೆಲ್ಲ ತಿರುಗಿಸಿ. ಮೊದಲು ರವೆಯಂತೆ ಕಾಳು ಕಾಳು, ಆಮೇಲೆ ಮೋಡದಂತೆ ಗಡ್ಡೆ, ಕೊನೆಗೆ ಸುತ್ತಲಿನ ನೀರು ಹಸಿರು ಮಿಶ್ರಿತ ಹಳದಿಗೆ ತಿಳಿಯಾಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಿ. ಹುಳಿ ಹೆಚ್ಚಾದರೆ ಪನೀರು ಗಟ್ಟಿಯಾಗುವುದಷ್ಟೇ ಅಲ್ಲ, ಕ್ಯಾಲ್ಸಿಯಂ ಕೂಡ ಹೆಚ್ಚು ಕರಗಿ ನೀರಿಗೆ ಇಳಿಯುತ್ತದೆ.

ತೆಳು ಬೈರಾಸಿನಲ್ಲಿ, ಅಂದರೆ ಹತ್ತಿಯ ಟವೆಲಿನಲ್ಲಿ, ಸೋಸಿ. ಬೈರಾಸು ಸೋಪಿನ ವಾಸನೆಯದ್ದಾಗಬಾರದು. ನಮ್ಮ ಮನೆಗೆ ಬಂದ ನೆಂಟರೊಬ್ಬರು ಒಮ್ಮೆ ಸೋಪಿನ ಪುಡಿ ಘಮದ ಪನೀರನ್ನು ಮಾತಿಲ್ಲದೆ ತಿಂದು ಹೋಗಿದ್ದಾರೆ. ತಣ್ಣೀರು ಹೊಯ್ದು, ಅರ್ಧ ಗಂಟೆ ನೇತುಹಾಕಿದರೆ ಮೆತ್ತಗಿನ ಪನೀರು. ತುಂಡು ಬೇಕಿದ್ದರೆ ಒಂದು ಗಂಟೆ ಭಾರ ಇಡಿ.

ನೀಲಿ ತೊಟ್ಟೆಯ ಹಾಲಿನ ಪನೀರು 50 ಗ್ರಾಂ ತಿಂದರೆ 9–10 ಗ್ರಾಂ ಪ್ರೋಟೀನು, ಅಂದರೆ ಒಂದೂವರೆ ಮೊಟ್ಟೆಯಷ್ಟು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹೆಚ್ಚಿನಂಶ ನೀರಿನಲ್ಲಿ ಹೋಗಿರುವುದರಿಂದ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಕೆಲವರಿಗೆ ಇದು ಒಗ್ಗುತ್ತದೆ. ಕೊಬ್ಬೂ ಸುಮಾರು ಪ್ರೋಟೀನಿನಷ್ಟೇ ಇರುತ್ತದೆ, ಕೊಲೆಸ್ಟ್ರಾಲ್ ಇದ್ದವರು ಅಳತೆ ನೋಡಿ ತಿನ್ನಲಿ. ನಾರಿಲ್ಲ, ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಹರಿವೆ ಪಲ್ಯಕ್ಕೆ ಪುಡಿ ಮಾಡಿ ಉದುರಿಸಿ ನೋಡಿ, ತೆಂಗಿನತುರಿಯ ಪಕ್ಕದಲ್ಲಿ ಗುರುತೇ ಸಿಗುವುದಿಲ್ಲ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ.

ಸೋಸಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಅದರ ಹಸಿರು ಛಾಯೆ ಬಿ2 ವಿಟಮಿನ್ನಿನದು. ಬಿಸಿಲು ತಾಗಿದರೆ ಅದು ಹಾಳು, ಕಿಟಕಿ ಬಳಿ ಇಡಬಾರದು. ಚಪಾತಿ ಹಿಟ್ಟು ಕಲಸಬಹುದು. ನಮ್ಮಲ್ಲಿ ಅದು ಸಾರಿಗೆ ಹೋಗುತ್ತದೆ. ಆ ದಿನ ಹುಣಸೆಹುಳಿ ಅರ್ಧ ಸಾಕು.