ಮಲ್ಲಿಗೆಯ ಗೆಲ್ಲು ಸವರುವುದು, ಚಪ್ಪರಕ್ಕೆ ಕಟ್ಟುವುದು

"ಗಿಡ ಇಷ್ಟೊಂದು ಹಸುರಾಗಿ ಬೆಳೆದಿದೆ, ಗೊಬ್ಬರಕ್ಕೂ ನೀರಿಗೂ ಏನೂ ಕಡಿಮೆ ಮಾಡಿಲ್ಲ, ಆದರೂ ದೇವರಿಗೆ ಇಡುವಷ್ಟು ಹೂವೂ ಸಿಗುವುದಿಲ್ಲ" ಎಂದು ನೆರೆಕರೆಯ ಹೆಣ್ಣುಮಕ್ಕಳು ಹೇಳಿಕೊಳ್ಳುವಾಗ ನಾನು ಮೊದಲು ಕೇಳುವುದು, ಕಳೆದ ಸಲ ಗೆಲ್ಲು (ಕೊಂಬೆ) ಸವರಿದ್ದು, ಅಂದರೆ ಕತ್ತರಿಸಿದ್ದು, ಯಾವಾಗ ಎಂದು. ಹೆಚ್ಚಿನವರು ಸವರಿಯೇ ಇರುವುದಿಲ್ಲ. ಚೆನ್ನಾಗಿ ಬೆಳೆದ ಗಿಡಕ್ಕೆ ಕತ್ತರಿ ತಾಗಿಸಲು ಅವರಿಗೆ ಮನಸ್ಸು ಬರುವುದಿಲ್ಲ. ಸವರಿದವರಲ್ಲಿಯೂ ಹಲವರು ಆಮೇಲೆ ಚಿಗುರಿದ ಗೆಲ್ಲುಗಳನ್ನು ಕಟ್ಟದೆ ಹಾಗೆಯೇ ಬಿಟ್ಟಿರುತ್ತಾರೆ. ಉಡುಪಿ ಜಿಲ್ಲೆಯ ಶಂಕರಪುರಕ್ಕೆ ಹತ್ತಿರದ ಕಟಪಾಡಿಯ ಕಡೆಯಲ್ಲಿ ನಲವತ್ತು ವರ್ಷಗಳಿಂದ ಮನೆಯಂಗಳದಲ್ಲಿ ಮಲ್ಲಿಗೆ, ಜಾಜಿಗಳನ್ನು ಸಾಕಿಕೊಂಡು ಬಂದ ನನಗೆ ಮನವರಿಕೆಯಾಗಿರುವುದೇನೆಂದರೆ, ಸವರುವುದು ಮತ್ತು ಕಟ್ಟುವುದು ಬೇರೆ ಬೇರೆ ಕೆಲಸಗಳಲ್ಲ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಅರ್ಧ ಹೂವು ಕೈಬಿಟ್ಟಂತೆ.

ನಮ್ಮ ಉಡುಪಿ ಮಲ್ಲಿಗೆ ಹೂ ಬಿಡುವ ಕ್ರಮವನ್ನು ಒಮ್ಮೆ ಗಮನವಿಟ್ಟು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಹಳೆಯ, ಬೂದು ಬಣ್ಣಕ್ಕೆ ತಿರುಗಿದ ಗೆಲ್ಲಿನಲ್ಲಿ ಹೂವು ನೇರವಾಗಿ ಹುಟ್ಟುವುದಿಲ್ಲ. ಅದರ ಗೆಣ್ಣಿನಿಂದ ಹೊಸ ಚಿಗುರು ಹೊರಟು, ಆ ಚಿಗುರು ನಾಲ್ಕಾರು ಜೊತೆ ಎಲೆ ಬಿಟ್ಟ ಮೇಲೆ ಅದರ ತುದಿಯಲ್ಲಿ ಮೊಗ್ಗಿನ ಗೊಂಚಲು ಕಾಣಿಸುತ್ತದೆ. ಸಾಮಾನ್ಯವಾಗಿ ಮೂರು ಮೊಗ್ಗು, ಅದರಲ್ಲಿ ನಡುವಿನದು ಮೊದಲು ಬಲಿಯುತ್ತದೆ. ಆದುದರಿಂದ ಒಂದು ಗಿಡದಲ್ಲಿ ಎಷ್ಟು ಹೊಸ ತುದಿಗಳಿವೆಯೋ ಅಷ್ಟೇ ಹೂವಿನ ಗೊಂಚಲು. ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಲೆಕ್ಕದಲ್ಲಿ ಒಂದು ಚೆಂಡಿಗೆ ಸುಮಾರು 800 ಹೂವು, 4 ಚೆಂಡು ಸೇರಿದರೆ ಒಂದು ಅಟ್ಟೆ. ಒಂದು ಚೆಂಡು ಹೂವಿಗೆ ಎಷ್ಟು ನೂರು ತುದಿಗಳು ಬೇಕೆಂದು ನೀವೇ ಲೆಕ್ಕ ಹಾಕಿ ನೋಡಿ. ನಾಲ್ಕೇ ನಾಲ್ಕು ಉದ್ದನೆಯ ಗೆಲ್ಲುಗಳನ್ನು ಮನೆಯ ಮಾಡಿನ ಎತ್ತರಕ್ಕೆ ಬಿಟ್ಟುಕೊಂಡ ಗಿಡ ಎಲ್ಲಿಂದ ಕೊಡಬೇಕು?

ಸವರುವ ಕಾಲ ಮುಖ್ಯ. ಪುಸ್ತಕಗಳಲ್ಲಿ ದುಂಡುಮಲ್ಲಿಗೆಯ ಜಾತಿಗೆ ನವೆಂಬರ್ ಕೊನೆಯ ವಾರ, ಜಾಜಿಗೆ ಡಿಸೆಂಬರ್ ಕೊನೆಯ ವಾರ ಎಂದು ಇರುತ್ತದೆ. ನಮ್ಮ ಕರಾವಳಿಗೂ ಅದು ಹೊಂದುತ್ತದೆ. ದೀಪಾವಳಿ ಕಳೆದು, ಹಿಂಗಾರಿನ ಗುಡುಗುಮಳೆ ನಿಂತು, ಬೆಳಗ್ಗೆ ಅಂಗಳದಲ್ಲಿ ಇಬ್ಬನಿ ಕಾಣಲು ತೊಡಗಿದಾಗ ಕತ್ತರಿ ಹಿಡಿಯಬಹುದು. ಒಂದು ವರ್ಷ ನಾನು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಗಾಲದಲ್ಲಿ), ಎರಡು ದಿನ ಬಿಸಿಲು ಕಂಡಿತೆಂದು, ಚೌತಿಗೆ ಹೂವು ಸಿಗಲಿ ಎಂಬ ಆಸೆಯಿಂದ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದಿದ್ದೆ. ಮೂರನೆಯ ದಿನ ಹಿಡಿದ ಮಳೆ ಹನ್ನೆರಡು ದಿನ ಬಿಡಲಿಲ್ಲ. ಕಡಿದ ತುದಿಗಳು ಕಪ್ಪಾಗಿ, ಕೊಳೆ ಕೆಳಕೆಳಗೆ ಇಳಿದು, ಎರಡು ಗಿಡಗಳು ಬುಡಸಹಿತ ಹೋದವು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಗಾಯ ಒಣಗಲು ಬೇಕಾದಷ್ಟು ಬಿಸಿಲಿಲ್ಲದಾಗ ಗಿಡಕ್ಕೆ ದೊಡ್ಡ ಗಾಯ ಮಾಡಬಾರದು. ಮಳೆಗಾಲದಲ್ಲಿ ಒಣಗಿದ ಕಡ್ಡಿ, ಹಳದಿಯಾದ ಎಲೆ ತೆಗೆದರೆ ಸಾಕು.

ಮನೆಯಲ್ಲಿ ಎರಡು ಮೂರು ಗಿಡಗಳಿದ್ದರೆ ಎಲ್ಲವನ್ನೂ ಒಂದೇ ದಿನ ಸವರಬೇಡಿ. ಒಂದನ್ನು ನವೆಂಬರ್ ನಡುವಿನಲ್ಲಿ ಸವರಿದರೆ ಮತ್ತೊಂದನ್ನು ಮೂರು ವಾರ ಬಿಟ್ಟು ಸವರಿ. ಒಂದರ ಹೂವು ಇಳಿಯುವಾಗ ಇನ್ನೊಂದು ಏರುತ್ತದೆ.

ಸವರುವ ಹತ್ತು ದಿನ ಮೊದಲೇ ನೀರು ನಿಲ್ಲಿಸಬೇಕು. ಎಲೆಗಳು ಸ್ವಲ್ಪ ಬಾಡಿ ಮಂಕಾಗಲಿ, ಹೆದರಬೇಡಿ. ಆ ವಿಶ್ರಾಂತಿ ಗಿಡಕ್ಕೆ ಬೇಕು. ಕತ್ತರಿಯಾಗಲಿ ಕತ್ತಿಯಾಗಲಿ ಹರಿತವಾಗಿರಬೇಕು. ಮೊಂಡು ಕತ್ತಿಯಿಂದ ಕಡಿದರೆ ಸಿಪ್ಪೆ ಸೀಳಿಕೊಂಡು ಬರುತ್ತದೆ, ಅಲ್ಲಿ ಕೊಳೆ ಹಿಡಿಯುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅಲಗನ್ನು ಸ್ಪಿರಿಟ್ ಅಥವಾ ಡೆಟ್ಟಾಲ್ ತಾಗಿಸಿದ ಬಟ್ಟೆಯಿಂದ ಒರೆಸಿಕೊಳ್ಳುವುದು ನನ್ನ ಅಭ್ಯಾಸ.

ಮೊದಲು ಇಡೀ ಗಿಡವನ್ನು ಹಗ್ಗದಿಂದ ಸಡಿಲವಾಗಿ ಒಟ್ಟು ಸೇರಿಸಿ ಕಟ್ಟಿಕೊಂಡರೆ ಎತ್ತರ ನೋಡುವುದು ಸುಲಭ. ಪೊದೆಯಾಗಿ ಬೆಳೆಸುವ ಮಲ್ಲಿಗೆಯನ್ನು ನೆಲದಿಂದ 45ರಿಂದ 50 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಒಂದೂವರೆ ಅಡಿ ಬಿಟ್ಟು, ಎಲ್ಲ ಗೆಲ್ಲುಗಳನ್ನೂ ಕತ್ತರಿಸಬೇಕು. ಆಮೇಲೆ ಹಗ್ಗ ಬಿಚ್ಚಿ ಒಳಗೆ ನೋಡಿ. ಪೆನ್ಸಿಲಿಗಿಂತ ಸಣ್ಣದಾದ ಬಡಕಲು ಕಡ್ಡಿಗಳು, ಒಂದಕ್ಕೊಂದು ಉಜ್ಜುವ ಗೆಲ್ಲುಗಳು, ನಡುವಿಗೆ ನುಗ್ಗಿ ಗಾಳಿ ಬೆಳಕು ತಡೆಯುವಂತಹವು ಬುಡದಿಂದಲೇ ಹೋಗಲಿ. ಯಾವುದು ಜೀವಂತ, ಯಾವುದು ಸತ್ತದ್ದು ಎಂದು ಸಂದೇಹ ಬಂದರೆ ಉಗುರಿನಿಂದ ಸಿಪ್ಪೆಯನ್ನು ಸಾಸಿವೆಕಾಳಿನಷ್ಟು ಕೆರೆಯಿರಿ. ಒಳಗೆ ಹಸಿ ಹಸುರು ಕಂಡು ಉಗುರಿಗೆ ತೇವ ತಾಗಿದರೆ ಜೀವವಿದೆ. ಕಂದು ಬಣ್ಣ ಕಂಡು ಪುಡಿ ಉದುರಿದರೆ ಇನ್ನೂ ಕೆಳಗೆ, ಹಸುರು ಸಿಗುವವರೆಗೆ ಕಡಿಯುತ್ತಾ ಬರಬೇಕು. ಮಲ್ಲಿಗೆಯ ಎಲೆಗಳು ಎದುರುಬದುರಾಗಿ ಜೊತೆಯಾಗಿ ಇರುವುದರಿಂದ ಪ್ರತಿ ಗೆಣ್ಣಿನಲ್ಲೂ ಎರಡು ಕಣ್ಣುಗಳಿರುತ್ತವೆ. ಅದರ ಮೇಲೆ ಕಾಲು ಅಂಗುಲ ಬಿಟ್ಟು ಕಡಿದರೆ ಎರಡೂ ಕಣ್ಣುಗಳು ಚಿಗುರಿ ಒಂದು ಗೆಲ್ಲು ಎರಡಾಗುತ್ತದೆ. ಗೆಣ್ಣಿನಿಂದ ಎರಡು ಮೂರು ಅಂಗುಲ ಮೇಲೆ ಕಡಿದು ಮೊಂಡು ಉಳಿಸಿದರೆ ಆ ತುಂಡು ಒಣಗಿ ಕೊಳೆಯ ದಾರಿಯಾಗುತ್ತದೆ. ಉಳಿದ ಎಲೆಗಳನ್ನು ಕೈಯಿಂದ ಕೊಯ್ದು ತೆಗೆಯಿರಿ.

ಹೆಬ್ಬೆರಳಿಗಿಂತ ದಪ್ಪದ ಗಾಯಗಳಿಗೆ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಹಚ್ಚುವುದು ಒಳ್ಳೆಯದು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಮನೆಗಳಲ್ಲಿ ಮೈಲುತುತ್ತು, ಸುಣ್ಣ ಇದ್ದೇ ಇರುತ್ತದೆ. ನೂರು ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆಯಾಗಿ ಕಲಸಿ, ಆಮೇಲೆ ಎರಡನ್ನೂ ಸೇರಿಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಿರಲಿ, ಕಬ್ಬಿಣದ್ದು ಬೇಡ. ಕಡಿದು ತೆಗೆದ ಗೆಲ್ಲುಗಳನ್ನು ಬುಡದಲ್ಲಿಯೇ ಹಾಕಬಾರದು. ಅದರಲ್ಲಿ ಮೊಗ್ಗು ಕೊರೆಯುವ ಹುಳುವಿನ ಸಂತತಿ ಅಡಗಿರಬಹುದು. ರೋಗವಿದ್ದುದನ್ನು ಸುಟ್ಟು, ಬೆರಳು ದಪ್ಪದ ಆರೋಗ್ಯವಂತ ಕಡ್ಡಿಗಳನ್ನು ಮೂರು ನಾಲ್ಕು ಗೆಣ್ಣಿನ ತುಂಡು ಮಾಡಿ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟರೆ ಹೊಸ ಗಿಡಗಳಾಗುತ್ತವೆ.

ಸವರಿದ ಮೇಲೆ ಬುಡ ಬಿಡಿಸಿ, ಒಂದೆರಡು ದಿನ ಬಿಸಿಲು ತಾಗಿಸಿ, ಹಳೆಯ ಹಟ್ಟಿಗೊಬ್ಬರವನ್ನೂ ಎರಡು ಹಿಡಿ ಬೇವಿನಹಿಂಡಿಯನ್ನೂ ಸುಡುಮಣ್ಣಿನ ಜೊತೆ ಬೆರೆಸಿ ಕೊಟ್ಟು ಮಣ್ಣು ಮುಚ್ಚಿ, ಆಗ ನೀರು ಹಾಕಬೇಕು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣಿನಲ್ಲಿ ಹುಳಿ ಹೆಚ್ಚು, ಮಳೆಗೆ ಸತ್ವ ತೊಳೆದುಹೋಗಿರುತ್ತದೆ, ಸುಡುಮಣ್ಣು ಮತ್ತು ಬೂದಿ ಆ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಚಿಗುರು ಕಂಡ ಬಳಿಕ ನೆಲಗಡಲೆ ಹಿಂಡಿಯನ್ನು ಮೂರು ದಿನ ನೆನೆಹಾಕಿ, ತೆಳ್ಳಗೆ ಮಾಡಿ, ಹದಿನೈದು ದಿನಕ್ಕೊಮ್ಮೆ ಎರೆಯುತ್ತೇನೆ. ಯೂರಿಯಾ ಹೆಚ್ಚು ಹಾಕಿದರೆ ಎಲೆ ಅಂಗೈಯಷ್ಟಾಗುತ್ತದೆ, ಹೂವು ಹಿಂದೆ ಸರಿಯುತ್ತದೆ.

ಇನ್ನು ಆಸರೆಯ ಮಾತು. ಬಳ್ಳಿಗಳು ಹತ್ತುವ ರೀತಿ ಒಂದೊಂದಕ್ಕೆ ಒಂದೊಂದು. ಕಾಳುಮೆಣಸು, ವೀಳ್ಯದೆಲೆ ಬೇರಿನಿಂದ ಅಂಟಿಕೊಂಡು ಹತ್ತುತ್ತವೆ. ಹಾಗಲ ಸುರುಳಿ ಕುಡಿಯಿಂದ ಹಿಡಿಯುತ್ತದೆ. ಶಂಖಪುಷ್ಪ ತಾನೇ ಸುತ್ತಿಕೊಳ್ಳುತ್ತದೆ. ಮಲ್ಲಿಗೆ ಇವು ಯಾವುದನ್ನೂ ಸರಿಯಾಗಿ ಮಾಡದೆ, ಸಿಕ್ಕಿದ್ದರ ಮೇಲೆ ಒರಗಿಕೊಳ್ಳುವ ಗಿಡ. ಆದುದರಿಂದ ಕಂಬ ನೆಟ್ಟು "ಹತ್ತಿಕೊಳ್ಳಲಿ" ಎಂದು ಬಿಟ್ಟರೆ ಅದು ಹತ್ತುವುದಿಲ್ಲ, ನಾವೇ ಕಟ್ಟಬೇಕು. ಅಡಿಕೆ ಮರವನ್ನು ಸೀಳಿ ಮಾಡಿದ ಸಲಾಕೆಗಳನ್ನು ಅಡ್ಡ ಕಟ್ಟಿದ ಚಪ್ಪರ ನಮ್ಮಲ್ಲಿ ಅಗ್ಗ, ನೋಡಲೂ ಚಂದ. ಆದರೆ ಎರಡು ಮೂರು ಮಳೆಗಾಲ ಕಳೆಯುವಾಗ ನೆಲದೊಳಗಿನ ಭಾಗವನ್ನು ಒರಲೆ (ಗೆದ್ದಲು) ತಿಂದಿರುತ್ತದೆ. ಕಂಬಗಳು ಮಾತ್ರ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನವೋ ಕಲ್ಲಿನವೋ ಆಗಿದ್ದು ಮೇಲಿನ ಅಡ್ಡಪಟ್ಟಿಗಳು ಸಲಾಕೆಯವಾದರೆ ದೀರ್ಘಕಾಲ ಬಾಳುತ್ತದೆ. ಪಾಗಾರಕ್ಕೆ ಒರಗಿಸುವುದಾದರೆ ಗೋಡೆಗೂ ಪಟ್ಟಿಗಳಿಗೂ ನಡುವೆ ಗೇಣುದ್ದ ಜಾಗ ಬಿಡಿ. ಗಾಳಿ ಆಡದಿದ್ದರೆ ಮಳೆಗಾಲದಲ್ಲಿ ಎಲೆಚುಕ್ಕೆ, ಬೇಸಗೆಯಲ್ಲಿ ಕೆಂಪು ನುಸಿ. ಚಪ್ಪರದ ಎತ್ತರ ಕೈಗೆ ಎಟಕುವಷ್ಟೇ ಇರಲಿ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯುವವರು ಏಣಿ ಹತ್ತುವಂತಾಗಬಾರದು.

ಕಟ್ಟುವುದಕ್ಕೆ ಕತ್ತದ (ತೆಂಗಿನ ನಾರಿನ) ಹಗ್ಗದ ಸಣ್ಣ ಎಳೆಯೋ ಬಾಳೆನಾರೋ ಸಾಕು. ಬೇಗ ಹಾಳಾಗುತ್ತದೆಂದು ನಾನು ಒಂದು ವರ್ಷ ನೈಲಾನ್ ದಾರ ಬಳಸಿದೆ. ಗೆಲ್ಲು ದಪ್ಪವಾದಂತೆ ದಾರ ಅದರೊಳಗೆ ಹೂತು ಕೊರಳು ಹಿಸುಕಿದಂತಾಗಿತ್ತು; ಜೂನ್ ತಿಂಗಳ ಮೊದಲ ಗಾಳಿಗೆ ಅತ್ಯಂತ ಒಳ್ಳೆಯ ಮೂರು ಗೆಲ್ಲುಗಳು ಆ ಗಂಟಿನಲ್ಲೇ ಲಟಕ್ಕನೆ ಮುರಿದವು. ಅಂದಿನಿಂದ ನಾರನ್ನು ಎಂಟರ ಆಕಾರದಲ್ಲಿ ಸುತ್ತುತ್ತೇನೆ: ಒಂದು ಸುತ್ತಿನೊಳಗೆ ಸಲಾಕೆ, ಇನ್ನೊಂದರೊಳಗೆ ಗೆಲ್ಲು, ನಡುವೆ ನಾರು ಅಡ್ಡ ಹಾದುಹೋಗುವುದರಿಂದ ಎರಡೂ ಒಂದಕ್ಕೊಂದು ಉಜ್ಜುವುದಿಲ್ಲ. ಗೆಲ್ಲಿನ ಸುತ್ತಿನೊಳಗೆ ಕಿರುಬೆರಳು ಸಲೀಸಾಗಿ ಹೋಗಬೇಕು.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಗೆಲ್ಲನ್ನು ಬಾಗಿಸುವ ವಿಷಯ. ನೆಟ್ಟಗೆ ಮೇಲಕ್ಕೆ ಹೋಗುವ ಗೆಲ್ಲಿನಲ್ಲಿ ತುದಿಯ ಕುಡಿ ಉಳಿದ ಕಣ್ಣುಗಳನ್ನು ಎಚ್ಚರಗೊಳ್ಳಲು ಬಿಡುವುದಿಲ್ಲ. ಹೂವು ತುದಿಯಲ್ಲೊಂದು ಕಡೆ ಮಾತ್ರ. ಅದೇ ಗೆಲ್ಲನ್ನು ಅಡ್ಡಕ್ಕೆ, ನೆಲಕ್ಕೆ ಸಮಾನಾಂತರವಾಗಿ ಬಾಗಿಸಿ ಕಟ್ಟಿದರೆ ತುದಿಯ ಹಿಡಿತ ಸಡಿಲಾಗಿ ಗೆಣ್ಣುಗೆಣ್ಣಿನಲ್ಲೂ ಚಿಗುರು ಮೇಲೇಳುತ್ತದೆ. ಕಳೆದ ವರ್ಷ ಅಕ್ಕಪಕ್ಕದ ಎರಡು ಗೆಲ್ಲುಗಳಲ್ಲಿ ಒಂದನ್ನು ನೆಟ್ಟಗೆ ಬಿಟ್ಟು, ಇನ್ನೊಂದನ್ನು ಅಡ್ಡ ಕಟ್ಟಿ ಮೊಮ್ಮಗಳಿಗೆ ತೋರಿಸಿದೆ. ನೆಟ್ಟಗಿನದರಲ್ಲಿ ಎರಡು ಚಿಗುರು, ಅಡ್ಡ ಮಲಗಿದ್ದರಲ್ಲಿ ಅವಳೇ ಎಣಿಸಿದ ಹಾಗೆ ಹದಿಮೂರು. ಗೆಲ್ಲು ಕೈಬೆರಳಿನಷ್ಟು ಎಳೆಯದಾಗಿರುವಾಗ, ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಬಾಡಿರುವ ಹೊತ್ತಿನಲ್ಲಿ ಬಾಗಿಸಿದರೆ ಮುರಿಯುವುದಿಲ್ಲ. ಬೆಳಗ್ಗೆ ನೀರು ತುಂಬಿ ಸೆಟೆದಿರುವಾಗ ಪಟಕ್ಕನೆ ಹೋಗುತ್ತದೆ. ಒಂದೇ ದಿನ ಪೂರ್ತಿ ಬಾಗಿಸುವ ಆತುರ ಬೇಡ, ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಗೆಲ್ಲಿನಿಂದ ಗೆಲ್ಲಿಗೆ ಒಂದು ಗೇಣು ಅಂತರವಿರಲಿ.

ಹೀಗೆ ಮಾಡಿದರೆ ಜನವರಿ ಕೊನೆಯಿಂದ ಮೊಗ್ಗು ತೊಡಗುತ್ತದೆ. ಗೊಂಚಲಿನ ಹೂವು ಮುಗಿದ ಕೂಡಲೇ ಆ ತುದಿಯನ್ನು ಕೆಳಗಿನ ಎರಡು ಜೊತೆ ಎಲೆಗಳವರೆಗೆ ಚಿವುಟಿ ತೆಗೆಯಬೇಕು. ಕೊಯ್ಯುವ ಕೈಯೇ ಈ ಕೆಲಸವನ್ನೂ ಮಾಡಿಕೊಂಡು ಹೋದರೆ ಬೇರೆ ಸಮಯ ಬೇಕಾಗುವುದಿಲ್ಲ. ಇದರಿಂದ ಮತ್ತೆ ಕವಲು, ಮತ್ತೆ ಮೊಗ್ಗು. ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಉಳಿದ ಮೊಗ್ಗು, ತೂತಾದ ಮೊಗ್ಗು ಕಂಡರೆ ನೆಲಕ್ಕೆ ಉದುರಿಸದೆ ಬೇರೆ ತಟ್ಟೆಯಲ್ಲಿ ಹಾಕಿಕೊಂಡು ಬಂದು ಬಚ್ಚಲಿನ ಒಲೆಗೆ ಹಾಕಿರಿ.

ಜಾಜಿಗೂ ಇದೇ ಕ್ರಮ, ಒಂದು ತಿಂಗಳು ತಡವಾಗಿ. ಅದರ ಗೆಲ್ಲು ಉದ್ದ ಮತ್ತು ಜೋಲು, ಆದುದರಿಂದ ಚಪ್ಪರ ಬೇಕೇ ಬೇಕು. ರಂಗೂನ್ ಬಳ್ಳಿಯೂ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಹೂವು ಮುಗಿದ ಮೇಲೆ ಧೈರ್ಯವಾಗಿ ಕಡಿಯಬಹುದು, ಆದರೆ ಅದರ ಭಾರಕ್ಕೆ ಅಡಿಕೆ ಸಲಾಕೆ ಸಾಲದು. ಪರಊರಿನ ಬಳ್ಳಿಗಳಿಗೆ ಈ ನಿಯಮವನ್ನು ಹಾಗೆಯೇ ಹೇರಬಾರದು. ಇಂಗ್ಲೆಂಡಿನಲ್ಲಿರುವ ಮಗಳು ಅಲ್ಲಿನ ಕ್ಲೆಮ್ಯಾಟಿಸ್ ಬಳ್ಳಿಯನ್ನು ನನ್ನ ಮಾತು ಕೇಳಿ ಚಳಿಗಾಲದ ಕೊನೆಗೆ ಗೇಣೆತ್ತರಕ್ಕೆ ಕಡಿದುಬಿಟ್ಟಳು. ಆ ವಸಂತದಲ್ಲಿ ಒಂದೂ ಹೂವಿಲ್ಲ. ಅದರಲ್ಲಿ ವಸಂತಕ್ಕೆ ಅರಳುವ ಜಾತಿಗಳು ಹಿಂದಿನ ವರ್ಷದ ಗೆಲ್ಲಿನಲ್ಲಿ ಮೊಗ್ಗು ಇಟ್ಟುಕೊಂಡಿರುತ್ತವೆ, ಅವನ್ನು ಹೂವು ಮುಗಿದ ಮೇಲೆಯೇ ಹಗುರಾಗಿ ಸವರಬೇಕು. ಬೇಸಗೆಯ ಕೊನೆಗೆ ಅರಳುವವು ಮಾತ್ರ ನಮ್ಮ ಮಲ್ಲಿಗೆಯಂತೆ ಹೊಸ ಚಿಗುರಿನವು, ಅವನ್ನು ಚಳಿಗಾಲದ ಕೊನೆಗೆ ಒಂದಡಿಗೆ ಕಡಿಯಬಹುದು. ಕ್ಲೆಮ್ಯಾಟಿಸ್ ಎಲೆಯ ತೊಟ್ಟಿನಿಂದಲೇ ಹಿಡಿದು ಹತ್ತುವ ಬಳ್ಳಿಯಾದುದರಿಂದ ದಪ್ಪ ಕಂಬ ಅದರ ಹಿಡಿತಕ್ಕೆ ಸಿಗುವುದಿಲ್ಲ, ಸಣ್ಣ ತಂತಿಯ ಬಲೆ ಬೇಕು. ಯಾವ ಬಳ್ಳಿಯೇ ಆಗಲಿ, ಹೂವು ಹಳೆಯ ಗೆಲ್ಲಿನಲ್ಲೋ ಹೊಸ ಚಿಗುರಿನಲ್ಲೋ ಎಂದು ಒಂದು ವರ್ಷ ಕಾದು ನೋಡಿ ತಿಳಿದುಕೊಂಡ ಮೇಲೆಯೇ ಕತ್ತರಿ ಹಿಡಿಯಿರಿ.

ಮೇ ಕೊನೆಯ ವಾರದಲ್ಲಿ, ಮೊದಲ ಮಳೆಗೆ ಮುನ್ನ, ಚಪ್ಪರವನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಸಡಿಲವಾದ ಸಲಾಕೆ ಬದಲಿಸಿ, ಬಿಗಿಯಾದ ಗಂಟು ಸಡಿಲಿಸಿ, ಕಡಲ ಕಡೆಯ ಗಾಳಿಗೆ ಎದುರಾಗುವ ಪಡುವಣ ಬದಿಯಲ್ಲಿ ಇನ್ನೆರಡು ಕಟ್ಟು ಹೆಚ್ಚು ಹಾಕಿ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ, ಕಣಿ (ಸಣ್ಣ ಕಾಲುವೆ) ತೋಡಿ, ತರಗೆಲೆಯನ್ನು ಕಾಂಡದಿಂದ ಒಂದು ಗೇಣು ದೂರ ಸರಿಸಿಡಿ.