ರೀಬಿಲ್ಡ್ ಆದ ಮೇಲೂ ಸ್ಲಿಪ್ ಆಗುವ 700ಆರ್4: ಮೊದಲು ಗೇಜ್, ಆಮೇಲೆ ಜ್ಯಾಕ್

ರೀಬಿಲ್ಡ್ ಮಾಡಿ ಕೂರಿಸಿದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸ್ಲಿಪ್ ಆಯಿತೆಂದರೆ, ಅಂದರೆ ಎಂಜಿನ್ ತಿರುಗಿದರೂ ಗೇರ್ ಹಿಡಿಯದೆ ಜಾರಿದರೆ, ಎಲ್ಲರ ಕೈಯೂ ಜ್ಯಾಕ್ ಕಡೆಗೇ ಹೋಗುತ್ತದೆ. ಇಳಿಸಿ, ಬಿಚ್ಚಿ, ಚೆನ್ನಾಗಿಯೇ ಇದ್ದ ಕ್ಲಚ್ ಪ್ಲೇಟ್‌ಗಳನ್ನು ಮತ್ತೆ ಬದಲಾಯಿಸಿ ಕೂರಿಸಿದರೆ ಮತ್ತದೇ ಸ್ಲಿಪ್. ಬಾಕ್ಸ್ ಇಳಿಸುವ ಮುನ್ನ ನಾನು ಯಾವ ಕ್ರಮದಲ್ಲಿ ನೋಡುತ್ತೇನೆ ಎಂಬುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ಜನರಲ್ ಮೋಟಾರ್ಸ್‌ನ 700ಆರ್4. 1982ರಲ್ಲಿ ಬಂದ ನಾಲ್ಕು ಗೇರಿನ ಬಾಕ್ಸ್ ಇದು. 1990ರಲ್ಲಿ 4ಎಲ್60 ಅಂತ ಹೆಸರು ಬದಲಾಯಿತೇ ಹೊರತು ಕೆಲಸ ಮಾಡುವ ರೀತಿ ಬದಲಾಗಲಿಲ್ಲ. ಮೇಲಿನ ಗೇರಿಗೆ ಯಾವಾಗ ಹೋಗಬೇಕೆಂದು ತೀರ್ಮಾನಿಸಲು ಇದರಲ್ಲಿ ಕಂಪ್ಯೂಟರ್ ಇಲ್ಲ. ಹಿಂದಿನಿಂದ ಗವರ್ನರ್ ವೇಗ ಹೇಳುತ್ತದೆ, ಮುಂದಿನಿಂದ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಆಕ್ಸಲರೇಟರ್ ಎಷ್ಟು ಒತ್ತಿದೆ ಅಂತ ಹೇಳುತ್ತದೆ, ನಡುವೆ ಆಯಿಲ್ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್ ಬಾಡಿ ಜಗಳ ಬಿಡಿಸುತ್ತದೆ.

ಮೊದಲು ಆಯಿಲ್ ಮಟ್ಟ. ಸಮತಟ್ಟಾದ ನೆಲ, ಬಾಕ್ಸ್ ಬಿಸಿಯಾಗಿರಬೇಕು, ಎಂಜಿನ್ ಐಡಲ್‌ನಲ್ಲಿ ಓಡುತ್ತಿರಬೇಕು, ಲಿವರ್ ಪಾರ್ಕ್‌ನಲ್ಲಿ. ಎಂಜಿನ್ ಆಫ್ ಮಾಡಿ ಡಿಪ್‌ಸ್ಟಿಕ್ ನೋಡಿದರೆ ಕನ್ವರ್ಟರಿನಿಂದ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಇಳಿದ ಆಯಿಲ್ ಸೇರಿ ಸುಳ್ಳು ಲೆಕ್ಕ ಕೊಡುತ್ತದೆ. ಪ್ಯಾನ್ ಇಳಿಸಿದಾಗ ಸುಮಾರು 4.7 ಲೀಟರ್ ಸಾಕು. ಪೂರಾ ಒಣಗಿದ ಬಾಕ್ಸ್‌ಗೆ, ಕನ್ವರ್ಟರ್ ಸೇರಿ, 10 ಲೀಟರ್ ದಾಟುತ್ತದೆ. ಜಾಸ್ತಿ ಸುರಿದರೂ ತೊಂದರೆಯೇ: ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೆ ಪ್ರೆಷರ್ ನಿಲ್ಲುವುದಿಲ್ಲ, ಕೊನೆಗೆ ಬ್ರೀದರ್‌ನಿಂದ (ಗಾಳಿ ಹೋಗುವ ಕಿಂಡಿ) ಹೊರಗೆ ಉಕ್ಕುತ್ತದೆ. ಅದನ್ನು ಸೀಲ್ ಲೀಕ್ ಅಂದುಕೊಂಡು ಬಾಕ್ಸ್ ಇಳಿಸುವವರೂ ಇದ್ದಾರೆ.

ಆಮೇಲೆ ಟಿವಿ ಕೇಬಲ್. ಇದು ಕಿಕ್‌ಡೌನ್ (ಪೆಡಲ್ ಜೋರಾಗಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವ) ಕೇಬಲ್ ಅಷ್ಟೇ ಅಲ್ಲ. ಬಾಕ್ಸಿನ ಲೈನ್ ಪ್ರೆಷರ್, ಅಂದರೆ ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಆಯಿಲ್ ಪ್ರೆಷರ್, ಏರುವುದೇ ಇದರಿಂದ. ಕೇಬಲ್ ಸಡಿಲವಾಗಿದ್ದರೆ ಎಂಜಿನ್ ಪೂರ್ತಿ ಶಕ್ತಿ ಕೊಡುವಾಗಲೂ ಕ್ಲಚ್‌ಗಳನ್ನು ಐಡಲ್ ಪ್ರೆಷರ್ ಮಾತ್ರ ಹಿಡಿದಿರುತ್ತದೆ. ಶಿಫ್ಟ್‌ಗಳು ಬೇಗ ಬರುತ್ತವೆ, ಬೆಣ್ಣೆಯಂತೆ ಮೃದುವಾಗಿರುತ್ತವೆ. ಓಡಿಸುವವನಿಗೆ ಖುಷಿ, ಒಳಗೆ 3-4 ಕ್ಲಚ್ (ಮೂರು ಮತ್ತು ನಾಲ್ಕನೇ ಗೇರ್ ಹಿಡಿಯುವ ಕ್ಲಚ್) ಸುಡುತ್ತಿರುತ್ತದೆ. ವಿಚಿತ್ರವೆಂದರೆ ಕೇಬಲ್ ಪೂರ್ತಿ ಕಿತ್ತುಹೋದರೆ ಇಷ್ಟು ಅಪಾಯವಿಲ್ಲ. ಒಳಗಿನ ಲಿಫ್ಟರ್ ಆಗ ಪ್ರೆಷರನ್ನು ಗರಿಷ್ಠಕ್ಕೆ ಏರಿಸಿಬಿಡುತ್ತದೆ, ಶಿಫ್ಟ್ ತಡವಾಗಿ, ಜರ್ಕ್ ಹೊಡೆದು ಬರುತ್ತದೆ, ಏನೋ ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬಾಕ್ಸ್ ಸುಡುವುದು ಅರೆಬರೆ ಸಡಿಲವಿರುವ ಕೇಬಲ್.

ಹೊಂದಿಸುವುದು ಎಂಜಿನ್ ಆಫ್ ಇದ್ದಾಗ. ಕೇಬಲ್ ಕವಚದ ತುದಿಯಲ್ಲಿರುವ ಲಾಕ್ ಬಟನ್ ಒತ್ತಿ ಹಿಡಿದು, ಸ್ಲೈಡರನ್ನು ಥ್ರಾಟಲ್ ಲಿವರ್‌ನಿಂದ ದೂರಕ್ಕೆ, ತಡೆಯುವವರೆಗೂ ತಳ್ಳಿ, ಬಟನ್ ಬಿಡಿ. ನಂತರ ಥ್ರಾಟಲನ್ನು ಪೂರ್ತಿ ತೆರೆಯಿರಿ; ಸ್ಲೈಡರ್ ಟಕಟಕ ಅಂತ ತನ್ನ ಜಾಗಕ್ಕೆ ಬರುತ್ತದೆ. ಆದರೆ ಥ್ರಾಟಲನ್ನು ಕೈಯಿಂದ ತಿರುಗಿಸಿ ಬಿಟ್ಟುಬಿಡಬೇಡಿ, ಒಬ್ಬರು ಒಳಗೆ ಕೂತು ಪೆಡಲ್ ಒತ್ತಿದಾಗಲೂ ಅಷ್ಟೇ ತೆರೆಯುತ್ತದೆಯೇ ನೋಡಿ. ಕಾರ್ಬ್ಯುರೇಟರ್ ಬದಲಾಯಿಸಿದ ಹಳೆಯ ಕಾರಿನಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಹೊಸ ಕಾರ್ಬ್ಯುರೇಟರಿನ ಲಿವರ್ ಮೇಲೆ ಕೇಬಲ್ ಪಿನ್ ಬೇರೆ ಅಂತರದಲ್ಲಿರುತ್ತದೆ. ಪೂರ್ತಿ ತೆರೆದಾಗ ಸರಿಬಂದರೂ ಅರ್ಧ ಒತ್ತಿದಾಗ ಕೇಬಲ್ ಎಳೆತ ಕಡಿಮೆಯೇ ಬೀಳುತ್ತದೆ. ಸರಿಯಾದ ಬ್ರಾಕೆಟ್ ಮತ್ತು ಲಿವರ್ ಅಡಾಪ್ಟರ್ ಹಾಕದೆ ಆ ಕಾರನ್ನು ರಸ್ತೆಗೆ ಬಿಡಬಾರದು.

ಈಗ ಆಯಿಲ್ ಪ್ರೆಷರ್ ಗೇಜ್. 300 ಪಿಎಸ್ಐ ತನಕ ತೋರಿಸುವುದೇ ಬೇಕು, ರಿವರ್ಸ್‌ನಲ್ಲಿ 200 ದಾಟಬಹುದು. ಕೇಸಿನ ಎಡಬದಿಯಲ್ಲಿ, ಶಿಫ್ಟ್ ಲಿವರ್ ಶಾಫ್ಟಿನ ಹತ್ತಿರ ಒಂದು ಚಿಕ್ಕ ಪ್ಲಗ್ ಇದೆ; ಅದನ್ನು ಬಿಚ್ಚಿ ಗೇಜ್ ಪೈಪ್ ಹಾಕಬೇಕು. ಚಕ್ರಗಳಿಗೆ ಅಡ್ಡ ಕೊಟ್ಟು, ಬ್ರೇಕ್ ಒತ್ತಿ ಹಿಡಿದು, ಸುಮಾರು 1000 ಆರ್‌ಪಿಎಂನಲ್ಲಿ ನೋಡಿ. ಕೇಬಲ್ ಎಳೆಯದೆ ಡ್ರೈವ್‌ನಲ್ಲಿ 60–75ರ ಆಸುಪಾಸು ಬರಬೇಕು. ಕೇಬಲನ್ನು ಥ್ರಾಟಲ್‌ನಿಂದ ಬಿಡಿಸಿ ಕೈಯಲ್ಲಿ ಪೂರ್ತಿ ಎಳೆದರೆ ಮುಳ್ಳು 140ರ ಮೇಲಕ್ಕೆ ನಿಧಾನವಾಗಿ, ತಡವರಿಸದೆ ಏರಬೇಕು. ವರ್ಷ ಮತ್ತು ಎಂಜಿನ್ ಪ್ರಕಾರ ಅಂಕಿ ಬದಲಾಗುವುದರಿಂದ ನಿಮ್ಮ ಮಾದರಿಯ ಮ್ಯಾನ್ಯುಯಲ್ ಜೊತೆ ಹೋಲಿಸಿ. ಎಲ್ಲ ಸೇರಿ ಎರಡು ನಿಮಿಷಕ್ಕಿಂತ ಹೆಚ್ಚು ಮಾಡಬೇಡಿ, ಆಯಿಲ್ ಕಾಯುತ್ತದೆ.

ಮುಂದಿನ ದಾರಿ ಹೇಳುವುದು ಈ ಮುಳ್ಳೇ. ಐಡಲ್‌ನಲ್ಲಿ ಸರಿ, ಆದರೆ ಕೇಬಲ್ ಎಳೆದರೆ ಏರುವುದಿಲ್ಲ ಎಂದಾದರೆ ಟಿವಿ ವಾಲ್ವ್ ಸಿಕ್ಕಿಕೊಂಡಿದೆ ಅಥವಾ ಕೇಬಲ್ ತುದಿ ಒಳಗಿನ ಕೊಂಡಿಗೆ ಸರಿಯಾಗಿ ಸಿಕ್ಕಿಲ್ಲ. ಪ್ಯಾನ್ ಇಳಿಸಿದರೆ ಸಾಕು. ಎಲ್ಲ ಕಡೆಯೂ ಕಡಿಮೆ, ಮುಳ್ಳು ನಡುಗುತ್ತಿದೆ ಎಂದರೆ ಫಿಲ್ಟರ್ ಅಥವಾ ಪಂಪ್. ಪ್ರೆಷರ್ ಎಲ್ಲ ಸರಿಯಿದ್ದೂ ಒಂದೆರಡು ಗೇರ್ ಅಷ್ಟೇ ಜಾರುತ್ತಿದ್ದರೆ ಮಾತ್ರ ಒಳಗಿನ ಕ್ಲಚ್ ಕಡೆ ನೋಡಬೇಕು.

ಫಿಲ್ಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪಂಪಿನ ತೂತಿಗೆ ಹೋಗುವ ಫಿಲ್ಟರ್ ಕತ್ತಿನ ಸೀಲ್ ಹಳೆಯದು ಒಳಗೇ ಉಳಿದಿರುತ್ತದೆ, ಹೊಸ ಫಿಲ್ಟರ್ ಜೊತೆ ಬಂದದ್ದನ್ನು ಅದರ ಮೇಲೇ ಒತ್ತಿರುತ್ತಾರೆ. ಫಿಲ್ಟರ್ ಓರೆಯಾಗಿ ಕೂರುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಲಕ್ಷಣ ಹೀಗಿರುತ್ತದೆ: ರಿವರ್ಸ್ ಹಾಕಿದ ಮೂರು ನಾಲ್ಕು ಸೆಕೆಂಡ್ ಏನೂ ಆಗುವುದಿಲ್ಲ, ಆರ್‌ಪಿಎಂ ಜೊತೆಗೆ ಏರುವ ಕುಂಯ್ ಎಂಬ ಶಬ್ದ, ಡಿಪ್‌ಸ್ಟಿಕ್ ಮೇಲೆ ಸಣ್ಣ ಗುಳ್ಳೆಗಳು. ಬೆರಳು ಹಾಕಿ ತೂತಿನ ಒಳಗೋಡೆ ಸವರಿದರೆ ಹಳೆಯ ಸೀಲಿನ ಅಂಚು ತಗಲುತ್ತದೆ. ಅದನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಒಳಮುಖವಾಗಿ ಮಡಚಿ ತೆಗೆಯಿರಿ. ಅಲ್ಯೂಮಿನಿಯಂ ಗೀಚಿದರೆ ಹೊಸ ಸೀಲೂ ಗಾಳಿ ಬಿಡುತ್ತದೆ. ಪ್ಯಾನ್ ಬೋಲ್ಟ್‌ಗಳಿಗೆ 10–12 ನ್ಯೂಟನ್ ಮೀಟರ್ ಸಾಕು, ಅದಕ್ಕಿಂತ ಬಿಗಿದರೆ ಗ್ಯಾಸ್ಕೆಟ್ ಹೊರಗೆ ಹಿಂಡಿ ಬರುತ್ತದೆ.

ಯಾವ ಗೇರ್ ಜಾರುತ್ತದೆ ಎಂಬುದರಿಂದ ಯಾವ ಭಾಗ ಎಂದು ಹೇಳಬಹುದು. 3 ಮತ್ತು 4 ಎರಡೂ ಜಾರಿದರೆ 3-4 ಕ್ಲಚ್. 2 ಮತ್ತು 4 ಜಾರಿದರೆ ಬ್ಯಾಂಡ್, ಅಂದರೆ ಡ್ರಮ್ ಸುತ್ತ ಬಿಗಿದು ಹಿಡಿಯುವ ಪಟ್ಟಿ. ಅದನ್ನು ಬಿಗಿಸುವ ಪಿಸ್ಟನ್, ಅಂದರೆ ಸರ್ವೋ, ಕೇಸಿನ ಬಲಬದಿಯಲ್ಲಿ ಸ್ನ್ಯಾಪ್ ರಿಂಗ್ ಮುಚ್ಚಳದ ಕೆಳಗೇ ಇರುವುದರಿಂದ, ಬಾಕ್ಸ್ ಇಳಿಸದೆ ಸೀಲ್ ಮತ್ತು ಪಿನ್ ಉದ್ದ ನೋಡಬಹುದು. ಡ್ರೈವ್‌ನಲ್ಲಿ ಹೊರಡುವುದಿಲ್ಲ, ಲಿವರ್ 1ಕ್ಕೆ ಹಾಕಿದರೆ ಹೊರಡುತ್ತದೆ ಎಂದರೆ ಒಂದೇ ದಿಕ್ಕಿಗೆ ಹಿಡಿಯುವ ಒನ್‌ವೇ ಕ್ಲಚ್ ತಿರುವುಮುರುವಾಗಿ ಕೂತಿದೆ ಅಥವಾ ಸವೆದಿದೆ.

ಇಳಿಸಲೇಬೇಕಾಗಿ ಬಂದರೆ 3-4 ಕ್ಲಚ್‌ನ ಗ್ಯಾಪ್ ಫೀಲರ್ ಗೇಜಿನಿಂದ ಅಳೆಯಿರಿ. ನಾನು 0.8ರಿಂದ 1 ಮಿ.ಮೀ. ಒಳಗೆ ಇಡುತ್ತೇನೆ, ಬೇರೆ ದಪ್ಪದ ಬ್ಯಾಕಿಂಗ್ ಪ್ಲೇಟ್ ಹಾಕಿ ಸರಿಮಾಡುವುದು. ಹೊಸ ಫ್ರಿಕ್ಷನ್ ಪ್ಲೇಟ್‌ಗಳು ಒಂದು ಗಂಟೆಯಾದರೂ ಆಯಿಲಿನಲ್ಲಿ ನೆನೆಯಲಿ. ಚೆಕ್ ಬಾಲ್ (ಆಯಿಲ್ ದಾರಿಯಲ್ಲಿ ಕೂರುವ ಸಣ್ಣ ಗುಂಡು) ಹಿಡಿಸಲು ವ್ಯಾಸಲೀನ್ ಬಳಸಿ. ಬೇರಿಂಗ್ ಗ್ರೀಸ್ ಆಯಿಲಿನಲ್ಲಿ ಕರಗದೆ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಪ್ರತಿ ಕ್ಲಚ್‌ಗೂ 2–3 ಬಾರ್ ಗಾಳಿ ಬಿಟ್ಟು ಧಪ್ ಶಬ್ದ ಕೇಳಿಸದ ಹೊರತು ಮುಂದೆ ಹೋಗಬೇಡಿ.

ಕೂರಿಸುವಾಗ ಕನ್ವರ್ಟರ್ ಪಂಪಿಗೆ ಪೂರ್ತಿ ಇಳಿದಿರಬೇಕು. ತಿರುಗಿಸುತ್ತಾ ತಳ್ಳಿದರೆ ಹಂತಹಂತವಾಗಿ ಮೂರು ಸಲ ಒಳಗೆ ಬೀಳುತ್ತದೆ. ಎಂಜಿನ್‌ಗೆ ಬೆಲ್‌ಹೌಸಿಂಗ್ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ (ಎಂಜಿನ್ ಹಿಂದೆ ಕನ್ವರ್ಟರ್ ಬಿಗಿಯುವ ತಟ್ಟೆ) ಅದಕ್ಕೂ ನಡುವೆ 3ರಿಂದ 5 ಮಿ.ಮೀ. ಜಾಗ ಇರಬೇಕು. ಜಾಗವೇ ಇಲ್ಲದಿದ್ದರೆ ಬೋಲ್ಟ್ ಬಿಗಿಯಬೇಡಿ. ಬಿಗಿದು ಸ್ಟಾರ್ಟ್ ಮಾಡಿದರೆ ಪಂಪ್ ಒಡೆಯುತ್ತದೆ. ಹೊಸ ಕನ್ವರ್ಟರ್ ತರುವಾಗ ಶಾಫ್ಟ್ ಹಲ್ಲುಗಳನ್ನು ಎಣಿಸಿ: ಮೊದಲಿನವು 27, 1984ರಿಂದ 30.

ಹಳೆಯ ಕೂಲರ್ ತೊಳೆಯದೆ ಹೊಸ ಬಾಕ್ಸಿಗೆ ಜೋಡಿಸಿದರೆ ಸುಟ್ಟ ಹಳೆಯ ಕ್ಲಚ್ ಪುಡಿ ವಾಪಸ್ ಒಳಗೇ ಬರುತ್ತದೆ. ಹರಿವಿನ ಉಲ್ಟಾ ದಿಕ್ಕಿನಲ್ಲಿ ತೊಳೆದು, ವಾಪಸ್ ಬರುವ ಪೈಪನ್ನು ಬಕೆಟ್‌ಗೆ ಬಿಟ್ಟು ಐಡಲ್‌ನಲ್ಲಿ 20 ಸೆಕೆಂಡ್ ಅಳೆಯಿರಿ. ಹತ್ತಿರಹತ್ತಿರ ಒಂದು ಲೀಟರ್ ಬರದಿದ್ದರೆ ಕೂಲರ್ ಬದಲಾಯಿಸುವುದೇ ವಾಸಿ.

500 ಕಿ.ಮೀ. ಓಡಿದ ಮೇಲೆ ಪ್ಯಾನ್ ಇಳಿಸಿ ಮ್ಯಾಗ್ನೆಟ್ ನೋಡಿ. ಬೆರಳಿಗೆ ಬೂದಿಯಂತೆ ಹತ್ತುವ ನುಣುಪಾದ ಪೇಸ್ಟ್ ಸಹಜ, ಒರೆಸಿ ಹಾಕಿ. ಉಗುರಿಗೆ ಸಿಗುವ ಚೂರು ಅಥವಾ ತಳದಲ್ಲಿ ಕಪ್ಪು ಕಣಗಳು ಕಂಡರೆ ಮತ್ತೆ ಗೇಜ್ ಹಾಕಿ.